ಮನೆಯಲ್ಲೇ ಪಿಯಾನೊ ಕ್ಲಾಸ್: ಮೊದಲ ದಿನವೇ ಟ್ಯೂನ್ ಕಟ್ಟಿಸಿ

ಬೆಳಗಾವಿಯ ಟಿಳಕವಾಡಿಯಲ್ಲಿ ನಮ್ಮ ಮನೆಯ ಮುಂದಿನ ಕೋಣೆಯೇ ನನ್ನ ಸ್ಟುಡಿಯೊ. ಒಂದು ಪಿಯಾನೊ, ಎರಡು ಕುರ್ಚಿ, ಚಪ್ಪಲಿ ಬಿಡೋಕೆ ಹೊರಗೊಂದು ಸ್ಟ್ಯಾಂಡ್, ಅಷ್ಟೇ. ಹೊಸದಾಗಿ ಕ್ಲಾಸ್ ಶುರು ಮಾಡುವವರು ನನಗೆ ಫೋನ್ ಮಾಡಿ ಕೇಳುವುದು ಎರಡೇ ಪ್ರಶ್ನೆ. ಯಾವ ಪಿಯಾನೊ ತಗೊಳ್ಳಲಿ? ಫೀ ಎಷ್ಟಿಡಲಿ? ಎರಡಕ್ಕೂ ಉತ್ತರ ಇದೆ, ಕೆಳಗೆ ಹೇಳುತ್ತೇನೆ. ಆದರೆ ಯಾರೂ ಕೇಳದ ಪ್ರಶ್ನೆ ಇನ್ನೊಂದಿದೆ: ಮಕ್ಕಳಿಗೆ ಸ್ವಂತ ಟ್ಯೂನ್ ಕಟ್ಟೋದನ್ನು ಯಾವಾಗ ಕಲಿಸಬೇಕು?

‘ಐದನೇ ಗ್ರೇಡ್ ಪರೀಕ್ಷೆ ಮುಗೀಲಿ, ಥಿಯರಿ ಬರಲಿ, ಆಮೇಲೆ ನೋಡೋಣ’ ಅಂತ ನಾನೂ ಅಂದುಕೊಂಡಿದ್ದೆ. ಮೊದಲ ಆರು ವರ್ಷ ಹಾಗೇ ಕಲಿಸಿದೆ. ಮಕ್ಕಳು ಪುಸ್ತಕ ನೋಡಿ ಚೆನ್ನಾಗಿ ನುಡಿಸುತ್ತಿದ್ದರು. ಪುಸ್ತಕ ಮುಚ್ಚಿದರೆ ಕೈ ಕಟ್ಟಿ ಕೂರುತ್ತಿದ್ದರು. ನೆಂಟರ ಮನೆಯಲ್ಲಿ ಯಾರಾದರೂ ‘ಏನಾರ ಬಾರಸವಾ’ ಅಂದರೆ ‘ಪುಸ್ತಕಾ ತಂದಿಲ್ರಿ’ ಅಂತ ಉತ್ತರ. ಆರು ವರ್ಷ ಕಲಿಸಿದ್ದಕ್ಕೆ ಇದಾ ಫಲ ಅನ್ನಿಸಿತು. ಈಗ ಮೊದಲ ದಿನವೇ ಟ್ಯೂನ್ ಕಟ್ಟಿಸುತ್ತೇನೆ, ನೋಟ್ಸ್ ಓದೋದು ಅದರ ಜೊತೆಜೊತೆಗೆ ಬರುತ್ತದೆ. ಅದು ಹೇಗೆ ಅನ್ನೋದೇ ಈ ಲೇಖನದಲ್ಲಿ ಜಾಸ್ತಿ ಇದೆ.

ವಾದ್ಯ ಮೊದಲು

88 ಕೀ ಇರಬೇಕು. ಕೀ ಒತ್ತಿದಾಗ ಭಾರ ಗೊತ್ತಾಗಬೇಕು, ಅಂಗಡಿಯವರು ‘ಹ್ಯಾಮರ್ ಆಕ್ಷನ್’ ಅನ್ನುವುದು ಇದನ್ನೇ. ಹಬ್ಬದ ಆರ್ಕೆಸ್ಟ್ರಾದಲ್ಲಿ ಬಳಸುವ 61 ಕೀಯ ಹಗುರ ಕೀಬೋರ್ಡ್ ಮೇಲೆ ಪಿಯಾನೊ ಕಲಿಸೋಕೆ ಹೋಗಬೇಡಿ. ಬೆರಳಿಗೆ ಬಲವೇ ಬರುವುದಿಲ್ಲ. ಯಮಾಹಾ, ರೋಲಂಡ್, ಕ್ಯಾಸಿಯೊ ಮೂರರಲ್ಲೂ ಸುಮಾರು 40ರಿಂದ 60 ಸಾವಿರದೊಳಗೆ ಕಲಿಸೋಕೆ ಸಾಕಾಗುವ ಡಿಜಿಟಲ್ ಪಿಯಾನೊ ಸಿಗುತ್ತವೆ. ಇದು ಹೆಚ್ಚು ಕರೆಂಟ್ ಎಳೆಯುವುದಿಲ್ಲ, ಸಣ್ಣ ಬಲ್ಬಿನಷ್ಟೇ. ಮನೆಯ ಇನ್ವರ್ಟರ್ ಲೈನಿಗೆ ಹಾಕಿಬಿಡಿ. ಇಲ್ಲದಿದ್ದರೆ ಮಳೆಗಾಲದಲ್ಲಿ ಅರ್ಧ ಕ್ಲಾಸ್ ಚಪ್ಪಾಳೆ ತಟ್ಟಿ ತಾಳ ಹೇಳಿಕೊಡೋದೇ ಆಗುತ್ತದೆ.

ಹಳೆಯ ಮರದ ಪಿಯಾನೊ ಮೇಲೆ ಆಸೆ ಎಲ್ಲರಿಗೂ ಇರುತ್ತದೆ, ನನಗೂ ಇತ್ತು. ಗೋವಾದಿಂದ ಒಂದು ಹಳೆ ಅಪ್‌ರೈಟ್ ಕೊಂಡು, ಚೋರ್ಲಾ ಘಾಟ್ ಹತ್ತಿಸಿ ಟೆಂಪೊದಲ್ಲಿ ತಂದೆ. ಇನ್ನೂರು ಕಿಲೋಗೂ ಮೇಲಿನ ಸಾಮಾನು. ಇಳಿಸೋಕೆ ಓಣಿಯ ಆರು ಹುಡುಗರು ಬೇಕಾದರು. ಮಾರಿದವರು ‘ಏನೂ ತೊಂದರೆ ಇಲ್ಲ’ ಅಂದಿದ್ದರು. ಜುಲೈ ಮಳೆ ಹಿಡಿದ ಎರಡೇ ವಾರಕ್ಕೆ ಮರ ಉಬ್ಬಿ ಹತ್ತಾರು ಕೀ ಒತ್ತಿದಲ್ಲೇ ಕೂತುಬಿಟ್ಟವು. ಶ್ರುತಿ ಮಾಡಿಸಿದರೆ ತಿಂಗಳೊಳಗೆ ಇಳಿಯುತ್ತಿತ್ತು. ತಂತಿ ಸುತ್ತಿರುವ ಪಿನ್ನುಗಳು ಮರದಲ್ಲಿ ಸಡಿಲ ಆಗಿದ್ದವು. ಆ ರೋಗಕ್ಕೆ ಸುಲಭದ ಮದ್ದಿಲ್ಲ. ಸಾಲದ್ದಕ್ಕೆ ಪೆಡಲ್ ಸಂದಿಯಲ್ಲಿ ಇಲಿ ನುಗ್ಗಿ ಒಳಗಿನ ಫೆಲ್ಟ್ ಕಿತ್ತು ಗೂಡು ಮಾಡಿತ್ತು! ಆದ್ದರಿಂದ ಹಳೆಯದು ಕೊಳ್ಳುವುದಿದ್ದರೆ ಶ್ರುತಿ ಮಾಡುವವರನ್ನು ಜೊತೆಗೆ ಕರೆದುಕೊಂಡು ಹೋಗಿ, ಪಿನ್ ಬಿಗಿ ಇದೆಯಾ ನೋಡಿಸಿ. ಮನೆಗೆ ತಂದ ಮೇಲೆ ಹೊರಗೋಡೆಗೆ ಒರಗಿಸಬೇಡಿ, ಒಳಗೋಡೆಗೆ ಇಡಿ. ಕೋಣೆಯ ತೇವ 40ರಿಂದ 60 ಶೇಕಡಾ ಒಳಗಿದ್ದರೆ ಮರಕ್ಕೆ ಒಳ್ಳೆಯದು. ವಿಜಯಪುರ, ಬಾಗಲಕೋಟೆ ಕಡೆಯವರಿಗೆ ಇದರ ಉಲ್ಟಾ ತೊಂದರೆ: ಬೇಸಿಗೆಯಲ್ಲಿ ಮರ ಒಣಗಿ ಸೀಳುತ್ತದೆ. ಮೊದಲ ಪಿಯಾನೊ ಡಿಜಿಟಲ್ಲೇ ಇರಲಿ ಅನ್ನೋದು ನನ್ನ ಮಾತು.

ಕೂರೋದು, ಮತ್ತು ಪೇಟಿಯಿಂದ ಬಂದ ಕೈ

ಮೊಣಕೈ ಕೀಗಳ ಮಟ್ಟಕ್ಕೆ ಅಥವಾ ಒಂಚೂರು ಮೇಲಿರಬೇಕು. ಚಿಕ್ಕ ಮಕ್ಕಳ ಕಾಲು ನೇತಾಡಿದರೆ ಬೆನ್ನು ಬಾಗುತ್ತದೆ, ಬೆನ್ನು ಬಾಗಿದರೆ ಕೈ ಬಿಗಿಯುತ್ತದೆ. ಅಡುಗೆಮನೆಯ ಒಂದು ಮಣೆ ತಂದು ಕಾಲ ಕೆಳಗೆ ಇಡಿ. ಇನ್ನೂ ಎತ್ತರ ಬೇಕಾದರೆ ಎರಡು ಮಣೆ.

ನಮ್ಮ ಕಡೆ ಬಹಳ ಮಕ್ಕಳು ಭಜನೆ ಪೇಟಿಯಿಂದ, ಅಂದರೆ ಹಾರ್ಮೋನಿಯಂನಿಂದ, ಪಿಯಾನೊಗೆ ಬರುತ್ತಾರೆ. ಇದು ವರ, ಜೊತೆಗೊಂದು ತಕರಾರೂ ಹೌದು. ವರ ಯಾಕೆಂದರೆ ಕಿವಿ ತಯಾರಾಗಿರುತ್ತದೆ. ಸರಿಗಮ ಬಾಯಲ್ಲಿರುತ್ತದೆ. ‘ಕರಿ ಒಂದು, ಬಿಳಿ ನಾಲ್ಕು’ ಅಂದರೆ ತಟ್ಟನೆ ಬೆರಳಿಡುತ್ತಾರೆ. ತಕರಾರು ಏನೆಂದರೆ ಎಡಗೈ ಬರೀ ಗಾಳಿ ಹಾಕಿ ಗೊತ್ತು, ಕೀ ಮುಟ್ಟಿದ್ದೇ ಇಲ್ಲ. ಪೇಟಿಯಲ್ಲಿ ಕೀ ಜೋರಾಗಿ ಒತ್ತಿದರೂ ಮೆಲ್ಲಗೆ ಒತ್ತಿದರೂ ದನಿ ಒಂದೇ. ಪಿಯಾನೊ ಹಾಗಲ್ಲ. ಬೆರಳಿನ ವೇಗದಿಂದಲೇ ದನಿ ಸಣ್ಣದು, ದೊಡ್ಡದು ಆಗುತ್ತದೆ. 1700ರ ಆಸುಪಾಸು ಇಟಲಿಯ ಫ್ಲಾರೆನ್ಸ್‌ನಲ್ಲಿ ಕ್ರಿಸ್ಟೊಫೊರಿ ಇದನ್ನು ಮಾಡಿದ್ದೇ ಅದಕ್ಕೆ. ‘ಪಿಯಾನೊ’ ಅಂದರೆ ಮೆಲ್ಲಗೆ, ‘ಫೋರ್ಟೆ’ ಅಂದರೆ ಜೋರು. ಹಾಗಾಗಿ ಪೇಟಿ ಮಕ್ಕಳಿಗೆ ಮೊದಲ ತಿಂಗಳು ಒಂದೇ ಆಟ ಆಡಿಸುತ್ತೇನೆ: ಒಂದೇ ಕೀ ಹತ್ತು ಸಲ, ಮಗು ಮಲಗಿದೆ ಅನ್ನುವಷ್ಟು ಮೆಲ್ಲಗೆ ಶುರುಮಾಡಿ ಬಸ್ ಸ್ಟ್ಯಾಂಡಿನಲ್ಲಿ ಕೂಗಿದಷ್ಟು ಜೋರಿನವರೆಗೆ. ಮೊದಲು ಎಡಗೈ, ಆಮೇಲೆ ಬಲಗೈ.

ಮೊದಲ ದಿನ: ಬರೀ ಕರಿ ಕೀ

ಇದು ನನ್ನ ಅತಿ ಇಷ್ಟದ ಪಾಠ. ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಪಿಯಾನೊದಲ್ಲಿ ಕರಿ ಕೀಗಳು ಎರಡು, ಮೂರು, ಎರಡು, ಮೂರು ಅಂತ ಗುಂಪಾಗಿ ಇರುತ್ತವೆ. ಎರಡರ ಗುಂಪಿನ ಎಡಕ್ಕೆ ಅಂಟಿಕೊಂಡ ಬಿಳಿ ಕೀ ಸಿ, ಅದರ ಬಲ ಪಕ್ಕದ್ದು ಕರಿ ಒಂದು. ಹಾಗೇ ಎಣಿಸುತ್ತ ಹೋದರೆ ಐದು. ಈ ಐದರಲ್ಲಿ ಮೂರನೆಯದನ್ನು ಷಡ್ಜ, ಅಂದರೆ ‘ಸ’, ಅಂದುಕೊಂಡು ಮೇಲೆ ಹೋಗಿ: ಮೂರು, ನಾಲ್ಕು, ಐದು, ಮತ್ತೆ ಒಂದು, ಎರಡು. ಸರಿಗಪದ. ಅದು ಭೂಪ ರಾಗ! ಬಿಳಿ ಕೀ ಮುಟ್ಟದಿದ್ದರೆ ಸಾಕು, ಯಾವ ಮಗು ಹೇಗೆ ಬಾರಿಸಿದರೂ ಅಪಸ್ವರ ಬರೋಕೆ ಜಾಗವೇ ಇಲ್ಲ.

ನಾನು ಕೆಳಗಿನ ಕೀಗಳಲ್ಲಿ ಕರಿ ಮೂರು ಮತ್ತು ಕರಿ ಒಂದನ್ನು, ಅಂದರೆ ಸ ಮತ್ತು ಪ, ತಂಬೂರಿ ಹಾಗೆ ನಿಧಾನವಾಗಿ ಹಿಡಿದಿರುತ್ತೇನೆ. ಮಗುವಿಗೆ ಹೇಳುವುದು ಇಷ್ಟೇ: ‘ಕರಿ ಮಾತ್ರ. ಎಲ್ಲೆಲ್ಲಿ ಬೇಕೋ ಅಡ್ಡಾಡು. ಸಾಕಾದಾಗ ಕರಿ ಮೂರಕ್ಕೆ ಬಂದು ನಿಲ್ಲು.’ ಮೊದಲು ಹೆದರಿಕೆ ಇರುತ್ತದೆ. ‘ಮಿಸ್, ತಪ್ಪಾತೇನ್ರಿ?’ ಅಂತ ಪ್ರತಿ ಕೀಗೂ ಮುಖ ನೋಡುತ್ತಾರೆ. ಐದು ನಿಮಿಷಕ್ಕೆ ಆ ಪ್ರಶ್ನೆ ನಿಂತುಹೋಗುತ್ತದೆ.

ಮುಂದಿನ ವಾರ ಅದೇ ಐದು ಕೀ, ಷಡ್ಜ ಮಾತ್ರ ಬದಲು. ಕರಿ ಒಂದನ್ನು ಷಡ್ಜ ಮಾಡಿದರೆ ಸರಿಮಪದ, ದುರ್ಗಾ. ಕರಿ ಎರಡರಿಂದ ಧಾನಿ. ನಾಲ್ಕರಿಂದ ಮಧಮಾದ ಸಾರಂಗದ ಸ್ವರಗಳು. ಐದರಿಂದ ಮಾಲಕಂಸ. ಕರ್ನಾಟಕ ಸಂಗೀತ ಕಲಿತವರು ಇವನ್ನೇ ಕ್ರಮವಾಗಿ ಶುದ್ಧ ಸಾವೇರಿ, ಶುದ್ಧ ಧನ್ಯಾಸಿ, ಮಧ್ಯಮಾವತಿ, ಹಿಂದೋಳ ಅನ್ನಿ. ಭೂಪ ಅವರ ಮೋಹನ. ಮಾಲಕಂಸದಲ್ಲಿ ಪಂಚಮ ಇಲ್ಲ, ಆದ್ದರಿಂದ ಆಗ ನಿಮ್ಮ ಎಡಗೈ ಸ-ಪ ಬಿಟ್ಟು ಸ-ಮ ಹಿಡಿಯಬೇಕು: ಕರಿ ಐದು ಮತ್ತು ಕರಿ ಎರಡು.

ಒಂದು ಸಂಜೆ ಎಂಟು ವರ್ಷದ ಹುಡುಗನೊಬ್ಬ ಕರಿ ಐದರಿಂದ ಹೀಗೇ ಅಡ್ಡಾಡುತ್ತಿದ್ದ. ಕರೆದುಕೊಂಡು ಹೋಗೋಕೆ ಬಂದಿದ್ದ ಅವನ ಅಜ್ಜ ಹೊರಗೆ ಚಪ್ಪಲಿ ಸ್ಟ್ಯಾಂಡ್ ಹತ್ತಿರ ನಿಂತು ಕೇಳುತ್ತಿದ್ದರು. ಒಳಗೆ ಬಂದವರೇ, ‘ಅಕ್ಕೋರ, ಇದು ಮಾಲಕಂಸ ಅಲ್ಲೇನ್ರಿ? ಇದರಾಗ ಮಾಲಕಂಸ ಹ್ಯಾಂಗ ಬಂತು?’ ಅಂದರು. ಹುಡುಗನಿಗೆ ರಾಗದ ಹೆಸರೂ ಗೊತ್ತಿರಲಿಲ್ಲ. ಹಿಂದುಸ್ತಾನಿ ಗಾಯಕ ಕುಮಾರ ಗಂಧರ್ವರು ಹುಟ್ಟಿದ ಸುಳೇಭಾವಿ ಇರುವ ಜಿಲ್ಲೆ ಇದು, ಮನೆಗೊಬ್ಬರಾದರೂ ಇಂಥ ಕಿವಿಯವರು ಇದ್ದೇ ಇರುತ್ತಾರೆ. ಅವರನ್ನು ನಿಮ್ಮ ಕಡೆ ಮಾಡಿಕೊಳ್ಳಿ. ಆ ಅಜ್ಜ ಈಗ ಮನೆಯಲ್ಲಿ ಮೊಮ್ಮಗನ ಪ್ರಾಕ್ಟೀಸಿಗೆ ತಾಳ ಹಾಕುತ್ತಾರೆ.

ಒಂದು ಎಚ್ಚರಿಕೆ. ಪಿಯಾನೊದಲ್ಲಿ ರಾಗ ಹಾಡಿದ ಹಾಗೆ ಬರುವುದಿಲ್ಲ. ಸ್ವರದಿಂದ ಸ್ವರಕ್ಕೆ ಜಾರುವ ಮೀಂಡ್ ಇಲ್ಲ, ಸ್ವರ ತೂಗಾಡಿಸುವ ಆಂದೋಲನ ಇಲ್ಲ. ಪಕ್ಕಪಕ್ಕದ ಎರಡು ಕೀಗಳ ನಡುವಿನ ಅಂತರವನ್ನು 100 ಪಾಲು ಮಾಡಿದರೆ, ಪಿಯಾನೊದ ಗಂಧಾರ ತಂಬೂರಿಯ ಗಂಧಾರಕ್ಕಿಂತ ಸುಮಾರು 14 ಪಾಲು ಮೇಲಿರುತ್ತದೆ. ಪೇಟಿಗೂ ಹೆಚ್ಚುಕಮ್ಮಿ ಇದೇ ಆಪಾದನೆ ಇತ್ತು. ಆಕಾಶವಾಣಿ 1940ರಿಂದ 1971ರವರೆಗೆ ಅದನ್ನು ಹೊರಗಿಟ್ಟಿತ್ತು. ಹಾಗಾಗಿ ‘ನಾವು ಮಾಲಕಂಸ ನುಡಿಸುತ್ತೇವೆ’ ಅನ್ನಬೇಡಿ. ಮಾಲಕಂಸದ ಸ್ವರ ಸಾಲ ತಗೊಂಡು ಟ್ಯೂನ್ ಕಟ್ಟಿದ್ದೇವೆ ಅನ್ನಿ. ಅಜ್ಜಂದಿರ ಜೊತೆ ಜಗಳ ತಪ್ಪುತ್ತದೆ.

ಲಯ ಬಾಯಿಂದ ಬರಲಿ

ಇಂಗ್ಲಿಷ್ ಪುಸ್ತಕಗಳು ಅರ್ಧ ಎಣಿಕೆಗೆ ಪ್ರತಿ ಅಂಕಿಯ ನಡುವೆ ‘ಆ್ಯಂಡ್’ ಸೇರಿಸಿ ಹೇಳಿಸುತ್ತವೆ. ಕನ್ನಡದಲ್ಲಿ ಅದರ ಗೋಜೇ ಇಲ್ಲ. ಒಂ-ದು, ಎರ್-ಡು, ಮೂ-ರು, ನಾಲ್-ಕು. ನಾಲ್ಕೂ ಅಂಕಿ ತಾವಾಗೇ ಎರಡು ತುಂಡಾಗುತ್ತವೆ. ಸುಮ್ನೆ ಜೋರಾಗಿ ಎಣಿಸಿದರೆ ಸಾಕು. ವರ್ಷಗಟ್ಟಲೆ ‘ಒನ್ ಆ್ಯಂಡ್ ಟೂ ಆ್ಯಂಡ್’ ಹೇಳಿಸಿದ ಮೇಲೆ ನನಗೆ ಇದು ಹೊಳೆದಿದ್ದು, ಸ್ವಲ್ಪ ನಾಚಿಕೆಯೇ ಆಯಿತು.

ಹೈಸ್ಕೂಲಿನಲ್ಲಿ ಲಘು-ಗುರು ಹಾಕಿ ಪ್ರಸ್ತಾರ ಮಾಡಿದ್ದು ನೆನಪಿದೆಯಲ್ಲ? ಮಾರ್ಕಿಗಾಗಿ ಮಾಡಿ ಮರೆತಿದ್ದು ಇಲ್ಲಿ ಕೆಲಸಕ್ಕೆ ಬರುತ್ತದೆ. ಲಘು ಒಂದು ಮಾತ್ರೆ, ಅದೇ ಪಿಯಾನೊ ಪುಸ್ತಕದ ಕ್ವೇವರ್, ಅರ್ಧ ಎಣಿಕೆ. ಗುರು ಎರಡು ಮಾತ್ರೆ, ಅದೇ ಕ್ರಾಚೆಟ್, ಪೂರ್ತಿ ಎಣಿಕೆ. ಮಗುವಿಗೆ ಒಂದು ಮಾತು ಕೊಡಿ, ಅದರಿಂದ ಲಯ ತೆಗೆಸಿ. ನನ್ನ ಕ್ಲಾಸಿನ ಖಾಯಂ ಜೋಡಿ ಇದು:

‘ಕುಂದಾ ತಿಂದ್ಯಾ?’
‘ಕರದಂಟು ತಿಂದೆ.’

ಮೊದಲ ಸಾಲು ನಾಲ್ಕು ಗುರು, ಅಂದರೆ ಎಂಟು ಮಾತ್ರೆ. ಪಿಯಾನೊದಲ್ಲಿ ನಾಲ್ಕು ಕ್ರಾಚೆಟ್, ನಾಲ್ಕರ ತಾಳದ ಒಂದು ಬಾರ್, ಅಂದರೆ ಒಂದು ಸುತ್ತು, ಸರಿಯಾಗಿ ತುಂಬುತ್ತದೆ. ಎರಡನೆಯದು ಲಘು, ಲಘು, ಗುರು, ಲಘು, ಗುರು, ಲಘು. ಎಣಿಸಿ ನೋಡಿ, ಅದೂ ಎಂಟೇ. ಆದರೆ ಎಷ್ಟು ಕುಣಿಯುತ್ತದೆ! ಪ್ರಶ್ನೆ ನಡೆಯುತ್ತ ಬಂತು, ಉತ್ತರ ಜಿಗಿಯುತ್ತ ಬಂತು. ಬೆಳಗಾವಿ ಮಕ್ಕಳಿಗೆ ಇದನ್ನು ಎರಡನೇ ಸಲ ಹೇಳಿಕೊಡಬೇಕಾಗಿಲ್ಲ. ಕರದಂಟು ಗೋಕಾಕದ್ದೋ ಅಮೀನಗಡದ್ದೋ ಅನ್ನೋ ಜಗಳ ಮಾತ್ರ ಪ್ರತಿ ಬ್ಯಾಚಿನಲ್ಲೂ ಏಳುತ್ತದೆ.

ದೊಡ್ಡ ಮಕ್ಕಳಿಗೆ ಭಾಮಿನಿ ಷಟ್ಪದಿಯ ಮೂರು-ನಾಲ್ಕು, ಮೂರು-ನಾಲ್ಕು ಮಾತ್ರೆಯ ನಡೆ ಕೊಡುತ್ತೇನೆ. ಕುಮಾರವ್ಯಾಸ ತನ್ನ ಭಾರತ ಹೇಳಿದ ನಡೆ ಅದು. ಪಿಯಾನೊ ಪುಸ್ತಕದಲ್ಲಿ ‘ಎಂಟರ ಮೇಲೆ ಏಳು’ ಅಂತ ಬರೆದಿದ್ದರೆ ಮಕ್ಕಳು ಬೆದರುತ್ತಾರೆ. ಷಟ್ಪದಿ ಬಾಯಲ್ಲಿ ಹೇಳಿಸಿದರೆ ಬೆದರುವುದಿಲ್ಲ.

ಪ್ರಶ್ನೆ, ಉತ್ತರ, ಆಮೇಲೆ ಎಡಗೈ

ಲಯ ಸಿಕ್ಕಿತು, ಐದು ಸ್ವರ ಸಿಕ್ಕವು. ಈಗ ಎರಡನ್ನೂ ಸೇರಿಸಿ. ‘ಕುಂದಾ ತಿಂದ್ಯಾ’ ಅನ್ನೋ ಲಯಕ್ಕೆ ಸ್ವರ ಹಾಕು, ಆದರೆ ಷಡ್ಜದಲ್ಲಿ ನಿಲ್ಲಿಸಬೇಡ. ರಿಷಭದಲ್ಲೋ ಪಂಚಮದಲ್ಲೋ ನಿಲ್ಲಿಸು, ಅದು ಪ್ರಶ್ನೆ. ಉತ್ತರ ಷಡ್ಜಕ್ಕೆ ಬಂದು ಮುಗಿಯಲಿ. ಈ ಒಂದು ನಿಯಮದಿಂದ ಟ್ಯೂನಿಗೆ ತಲೆ ಬಾಲ ಬರುತ್ತದೆ. ಇಬ್ಬರು ಮಕ್ಕಳನ್ನು ಜೊತೆಗೆ ಕೂರಿಸಿದರೆ ಇನ್ನೂ ಚೆಂದ, ಒಬ್ಬರು ಕೇಳೋದು, ಇನ್ನೊಬ್ಬರು ಹೇಳೋದು. ಅದಕ್ಕೇ ಮೊದಲ ಮೂರು ತಿಂಗಳು ನಾನು ಜೋಡಿ ಕ್ಲಾಸೇ ಇಡುತ್ತೇನೆ.

ಮಗು ಏನೂ ತೋಚದೆ ಕೂತರೆ ಸ್ವರ ಜಾಸ್ತಿ ಕೊಡಬೇಡಿ, ಕಮ್ಮಿ ಮಾಡಿ. ಮೂರೇ ಸ್ವರ, ಸರಿಗ. ಜಾಗ ಸಣ್ಣದಾದಷ್ಟೂ ಮಕ್ಕಳ ತಲೆ ಓಡುತ್ತದೆ.

ಎರಡು ತಿಂಗಳಿಗೆ ಟ್ಯೂನನ್ನು ಬಿಳಿ ಕೀಗೆ ಇಳಿಸಿ. ಸಿ ಈಗ ಷಡ್ಜ. ಎಡಗೈಗೆ ಮೊದಲು ಬರೀ ಸ-ಪ. ಆಮೇಲೆ ಎರಡು ಕಾರ್ಡ್, ಅಂದರೆ ಒಟ್ಟಿಗೆ ಒತ್ತುವ ಸ್ವರಗಳ ಗುಂಪು: ಟ್ಯೂನು ಷಡ್ಜ, ಗಂಧಾರದ ಮೇಲೆ ನಿಂತಾಗ ಸ-ಗ-ಪ, ರಿಷಭದ ಮೇಲೆ ನಿಂತಾಗ ಪ-ನಿ-ರಿ. ಪಂಚಮಕ್ಕೆ ಎರಡೂ ನಡೆಯುತ್ತದೆ, ಯಾವುದು ಹಿಡಿಸಿತು ಅಂತ ಮಗುವನ್ನೇ ಕೇಳಿ. ಇಲ್ಲೊಂದು ಸೂಕ್ಷ್ಮ ಇದೆ. ಭೂಪದಲ್ಲಿ ನಿಷಾದ ಇಲ್ಲ. ಪ-ನಿ-ರಿ ಹಿಡಿದ ಕೂಡಲೇ ಪೇಟಿ ಮಕ್ಕಳ ಮುಖ ಹುಳಿ ಆಗುತ್ತದೆ. ಸರಿಯಾಗೇ ಆಗುತ್ತದೆ! ಅಂಥವರಿಗೆ ನಿಷಾದ ತೆಗೆದು ಬರೀ ಪ-ರಿ ಹಿಡಿಯೋಕೆ ಹೇಳಿ. ದನಿ ಖಾಲಿ ಖಾಲಿ ಅನ್ನಿಸಿದರೂ ಟ್ಯೂನಿನ ಬಣ್ಣ ಕೆಡುವುದಿಲ್ಲ. ನಿಷಾದ ಹಾಕಿ ಒಮ್ಮೆ, ತೆಗೆದು ಒಮ್ಮೆ ನುಡಿಸಿ ತೋರಿಸಿ. ಹಾರ್ಮನಿ ಅಂದರೇನು ಅಂತ ಅರ್ಧ ಗಂಟೆ ಭಾಷಣ ಮಾಡಿದರೂ ಇಷ್ಟು ಹತ್ತುವುದಿಲ್ಲ.

ಟ್ಯೂನ್ ಎಲ್ಲಿಂದ ಹುಡುಕೋದು ಅಂದರೆ, ಮನೆಯಿಂದ. ಅಜ್ಜಿ ಹೇಳುವ ಸೋಬಾನೆ, ಬೀಸೋ ಪದ, ಓಣಿಯ ಗಣಪತಿ ಆರತಿ. ಕುಮಾರ ಗಂಧರ್ವರೇ ಮಾಳವದ ಜನಪದ ಧಾಟಿಗಳಿಂದ ಹೊಸ ರಾಗ ತೆಗೆದವರು. ಮಗು ಅಜ್ಜಿಯ ಹಾಡಿನ ಒಂದು ಸಾಲು ಪಿಯಾನೊದಲ್ಲಿ ಹುಡುಕಿ, ಅದರ ಮುಂದಿನ ಸಾಲನ್ನು ತಾನೇ ಕಟ್ಟಲಿ.

ಬರೆಯೋದು ಮತ್ತು ತಿದ್ದೋದು

ಮೊದಲು ಫೋನಿನಲ್ಲಿ ರೆಕಾರ್ಡ್ ಮಾಡಿ. ಮಕ್ಕಳು ಈಗ ಕಟ್ಟಿದ್ದನ್ನು ಐದು ನಿಮಿಷಕ್ಕೆ ಮರೆಯುತ್ತಾರೆ. ಆಮೇಲೆ ಸರಿಗಮದಲ್ಲಿ ಬರೆಸಿ, ಮೇಲೆ ಲಘು-ಗುರು ಗುರುತು. ಅದನ್ನೇ ಮೂರನೇ ಸಲ ಐದು ಗೆರೆಯ ಸ್ಟಾಫ್ ಮೇಲೆ. ಸ್ವಂತ ಟ್ಯೂನನ್ನು ಸ್ಟಾಫ್‌ಗೆ ಏರಿಸಿದ ಮಗು ಬೇರೆಯವರದನ್ನು ಬೇಗ ಓದುತ್ತದೆ, ಇದು ನಾನು ಪ್ರತಿ ವರ್ಷ ಕಂಡಿದ್ದು. ಖಾಲಿ ಸ್ಟಾಫ್ ಹಾಳೆ ಒಂದು ಪ್ರಿಂಟ್ ತೆಗೆದು ಝೆರಾಕ್ಸ್ ಮಾಡಿಸಿಕೊಂಡರೆ ಸಾಕು. ಹನ್ನೆರಡು ವರ್ಷ ದಾಟಿದವರಿಗೆ ಮ್ಯೂಸ್‌ಸ್ಕೋರ್ ತೋರಿಸಿ, ಪುಕ್ಕಟೆ ಸಾಫ್ಟ್‌ವೇರ್. ಚಿಕ್ಕವರಿಗೆ ಪೆನ್ಸಿಲ್ಲೇ ಸರಿ.

ತಿದ್ದುವಾಗ ಕೈ ಬಿಗಿ ಹಿಡಿಯಿರಿ. ವಾರಕ್ಕೆ ಒಂದೇ ಬದಲಾವಣೆ, ಅದನ್ನೂ ಪ್ರಶ್ನೆಯಾಗಿ ಕೇಳಿ: ‘ಇಲ್ಲಿ ಇನ್ನೊಂದು ಸಲ ಅದನ್ನೇ ಹೇಳಿದ್ದೀಯಲ್ಲ, ಮೂರನೇ ಸಲ ಬೇರೆ ಹೇಳಿದರೆ ಹೇಗೆ?’ ನೀವೇ ಚೆಂದ ಮಾಡಿ ಕೊಟ್ಟರೆ ಅದು ನಿಮ್ಮ ಟ್ಯೂನ್ ಆಗುತ್ತದೆ. ನನಗೆ ಈ ಚಾಳಿ ಬಹಳ ಇತ್ತು. ‘ಮಿಸ್, ಇದು ನಿಮ್ದು ಐತ್ರಿ, ನಂದು ಹಿಂದಿನ ಪೇಜಿನ್ಯಾಗ ಐತಿ’ ಅಂತ ಒಬ್ಬಳು ಮುಖಕ್ಕೇ ಹೇಳಿದ ಮೇಲೆ ಬಿಟ್ಟೆ.

ಗ್ರೇಡ್, ಫೀ, ಇತ್ಯಾದಿ

ತಂದೆತಾಯಿಗೆ ಸರ್ಟಿಫಿಕೇಟ್ ಬೇಕು, ತಪ್ಪೇನಿಲ್ಲ. ಎಬಿಆರ್‌ಎಸ್‌ಎಂ ಮತ್ತು ಟ್ರಿನಿಟಿ, ಎರಡೂ ಲಂಡನ್ನಿನ ಪರೀಕ್ಷೆಗಳು, ಇನಿಷಿಯಲ್‌ನಿಂದ ಎಂಟನೇ ಗ್ರೇಡ್‌ವರೆಗೆ. ಎಬಿಆರ್‌ಎಸ್‌ಎಂನಲ್ಲಿ 150ಕ್ಕೆ 100 ಬಂದರೆ ಪಾಸ್, 120 ಮೆರಿಟ್, 130 ಡಿಸ್ಟಿಂಕ್ಷನ್. ಟ್ರಿನಿಟಿಯಲ್ಲಿ 100ಕ್ಕೆ 60, 75, 87. ವರ್ಷಕ್ಕೆ ಒಂದೇ ಗ್ರೇಡ್ ಸಾಕು. ಮೂರೇ ಪೀಸ್ ವರ್ಷವಿಡೀ ಉಜ್ಜಿಸಬೇಡಿ. 45 ನಿಮಿಷದ ಕ್ಲಾಸಿನಲ್ಲಿ ಹತ್ತು ನಿಮಿಷವಾದರೂ ಸ್ವಂತ ಟ್ಯೂನಿಗೆ ಮೀಸಲಿರಲಿ, ಪರೀಕ್ಷೆಯ ತಿಂಗಳಲ್ಲೂ. ಮನೆಯಲ್ಲಿ ಚಿಕ್ಕವರಿಗೆ ದಿನಕ್ಕೆ ಹದಿನೈದು ನಿಮಿಷ ಪ್ರಾಕ್ಟೀಸ್ ಸಾಕು, ದಿನವೂ ಆಗಬೇಕು ಅಷ್ಟೇ.

ಫೀ ತಿಂಗಳ ಲೆಕ್ಕದಲ್ಲಿ, ಮೊದಲ ವಾರದಲ್ಲೇ ತಗೊಳ್ಳಿ. ಕ್ಲಾಸ್ ಲೆಕ್ಕ ಇಟ್ಟರೆ ಗಣಪತಿ, ದಸರಾ, ದೀಪಾವಳಿ ಬಂದಾಗ ನಿಮ್ಮ ಮನೆ ನಡೆಯುವುದಿಲ್ಲ. ಎಷ್ಟು ಅಂತ ಕೇಳಿದರೆ, ನಿಮ್ಮ ಓಣಿಯಲ್ಲಿ ಗಣಿತದ ಟ್ಯೂಷನ್ನಿಗೆ ಒಬ್ಬ ಹುಡುಗನಿಗೆ ಏನು ಕೊಡುತ್ತಾರೋ ಅದಕ್ಕಿಂತ ಕಮ್ಮಿ ಇಡಬೇಡಿ. ಎಷ್ಟು ರಜೆ, ತಪ್ಪಿದ ಕ್ಲಾಸಿಗೆ ಏನು, ಎಲ್ಲ ಒಂದು ಹಾಳೆಯಲ್ಲಿ ಬರೆದು ಮೊದಲ ದಿನ ಕೊಟ್ಟುಬಿಡಿ. ನಾಚಿಕೆ ಬೇಡ. ಮಧ್ಯಾಹ್ನ ಎರಡರಿಂದ ನಾಲ್ಕು ಕ್ಲಾಸ್ ಇಡಬೇಡಿ, ಪಕ್ಕದ ಮನೆಯವರ ನಿದ್ದೆ ಹೊತ್ತು.

ವರ್ಷಕ್ಕೊಂದು ಸಂಜೆ

ಹಾಲ್ ಬಾಡಿಗೆ ಹಿಡಿಯಬೇಕಾಗಿಲ್ಲ. ಮನೆಯ ಮುಂದೆ ಜಮಖಾನೆ ಹಾಸಿ, ಪಿಯಾನೊ ಬಾಗಿಲ ಹತ್ತಿರ ಎಳೆದರೆ ಆಯಿತು. ಚಿಕ್ಕವರು ಮೊದಲು, ದೊಡ್ಡವರು ಕೊನೆಗೆ. ಪ್ರತಿಯೊಬ್ಬರದೂ ಎರಡು ಪೀಸ್: ಒಂದು ಪುಸ್ತಕದ್ದು, ಒಂದು ಸ್ವಂತದ್ದು. ಸ್ವಂತದ್ದಕ್ಕೆ ಹೆಸರಿಡುವುದು ಕಡ್ಡಾಯ.

ಹೋದ ವರ್ಷ ಆ ಮಾಲಕಂಸದ ಹುಡುಗ ಪುಸ್ತಕದ ಪೀಸ್ ನುಡಿಸುವಾಗ ಎಂಟನೇ ಬಾರ್‌ನಲ್ಲಿ ಮರೆತ. ಕೈ ಎತ್ತಿ ತೊಡೆ ಮೇಲಿಟ್ಟ. ನಾನು ಹತ್ತಿರ ಹೋಗಿ ಪುಸ್ತಕ ತೆರೆದಿಡಬೇಕಾಯಿತು. ಆಮೇಲೆ ಸ್ವಂತದ್ದು, ಹೆಸರು ‘ಸಿಟಿ ಬಸ್’. ಅದರಲ್ಲೂ ಮಧ್ಯದಲ್ಲಿ ಮರೆತ. ಈ ಸಲ ಕೈ ಕೆಳಗೆ ಬರಲಿಲ್ಲ. ಮೂರು ಕರಿ ಕೀ ಮೇಲೆ ನಾಲ್ಕು ಸುತ್ತು ಸುತ್ತಿದ, ದಾರಿ ಸಿಕ್ಕಿತು, ಕರಿ ಐದಕ್ಕೆ ಬಂದು ನಿಂತ. ಮುಂದಿನ ಸಾಲಿನಲ್ಲಿದ್ದ ಅಜ್ಜ ತಾಳ ತಪ್ಪಿಸಲಿಲ್ಲ. ಇಳಿದು ಬರುವಾಗ ನನ್ನ ಕಿವಿಯಲ್ಲಿ, ‘ಮಿಸ್, ನಡುವ ಬಸ್ಸಿಗೆ ಟ್ರಾಫಿಕ್ ಹತ್ತಿತ್ರಿ’ ಅಂದು ಅವಲಕ್ಕಿ ತಟ್ಟೆಯ ಕಡೆ ಓಡಿದ.